ಕೆಲಸದಿಂದ ತೆಗೆಯುವ ನೋಟಿಸ್ ಬಂದರೆ: ಮೊದಲ ದಿನದಿಂದ ಮೇಲ್ಮನವಿಯ ತನಕ

ನೋಟಿಸ್ ಕೈಗೆ ಬಂದ ದಿನ ಹೆಚ್ಚಿನವರು ಎರಡರಲ್ಲಿ ಒಂದು ಮಾಡುತ್ತಾರೆ. ಕೋಪದಲ್ಲಿ ನಾಲ್ಕು ಸಾಲು ಗೀಚಿ ಕೊಟ್ಟುಬಿಡುತ್ತಾರೆ. ಇಲ್ಲವೇ ಮರ್ಯಾದೆ ಹೋಗುವ ಮೊದಲೇ ಬಿಟ್ಟುಬಿಡೋಣ ಎಂದು ರಾಜೀನಾಮೆಗೆ ಸಹಿ ಹಾಕುತ್ತಾರೆ. ಎರಡೂ ಬೇಡ.

ಕೆಲಸದಿಂದ ತೆಗೆದದ್ದು ನ್ಯಾಯವೋ ಅನ್ಯಾಯವೋ ಎಂದು ನೋಡುವಾಗ ಕಾನೂನು ಎರಡು ಪ್ರಶ್ನೆ ಕೇಳುತ್ತದೆ. ತೆಗೆಯಲು ನಿಜವಾದ ಕಾರಣ ಇತ್ತಾ? ತೆಗೆದ ರೀತಿ ಸರಿ ಇತ್ತಾ? ಮೊದಲ ಪ್ರಶ್ನೆಗೆ ಬೇಕಾದ ದಾಖಲೆ, ಸಾಕ್ಷಿ ಎಲ್ಲ ಬಹುಪಾಲು ಸಂಸ್ಥೆಯ ಕೈಯಲ್ಲೇ ಇರುತ್ತದೆ. ಎರಡನೆಯದು ಹಾಗಲ್ಲ. ರೀತಿ ತಪ್ಪಿದರೆ ಅದನ್ನು ಅದೇ ದಿನ ಬರವಣಿಗೆಯಲ್ಲಿ ಹಿಡಿದಿಡುವುದು ನಿಮ್ಮಿಂದ ಆಗುವ ಕೆಲಸ. ಈ ಲೇಖನ ಮುಖ್ಯವಾಗಿ ಆ ಕೆಲಸದ ಬಗ್ಗೆ.

ನಿಯಮಗಳು ದೇಶದಿಂದ ದೇಶಕ್ಕೆ ಬೇರೆ. ಆದರೆ ತಳಹದಿ ಒಂದೇ ಇದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1982ರಲ್ಲಿ ತಂದ 158ನೇ ಒಪ್ಪಂದ ಅದನ್ನು ಚೆನ್ನಾಗಿ ಹೇಳುತ್ತದೆ. ನೌಕರನ ಸಾಮರ್ಥ್ಯ, ನೌಕರನ ನಡತೆ, ಇಲ್ಲವೇ ಸಂಸ್ಥೆಯ ನಿಜವಾದ ಅಗತ್ಯ, ಈ ಮೂರರಲ್ಲಿ ಒಂದು ಕಾರಣ ಇರಲೇಬೇಕು. ನಡತೆ ಅಥವಾ ಕೆಲಸದ ಗುಣಮಟ್ಟದ ಕಾರಣಕ್ಕೆ ತೆಗೆಯುವುದಾದರೆ ಮೊದಲು ನೌಕರನ ಮಾತು ಕೇಳಬೇಕು. ಯೂನಿಯನ್ ಸೇರಿದ್ದಕ್ಕೆ, ಮಾಲೀಕರ ಮೇಲೆ ದೂರು ಕೊಟ್ಟಿದ್ದಕ್ಕೆ, ಗರ್ಭಿಣಿ ಎಂಬುದಕ್ಕೆ, ಹೆರಿಗೆ ರಜೆ ಹಾಕಿದ್ದಕ್ಕೆ, ಧರ್ಮ, ಜನಾಂಗ ಅಥವಾ ರಾಜಕೀಯ ಅಭಿಪ್ರಾಯಕ್ಕೆ ತೆಗೆಯುವಂತಿಲ್ಲ. ಭಾರತ, ಬ್ರಿಟನ್, ಅಮೆರಿಕ ಸೇರಿ ಹಲವು ದೇಶಗಳು ಈ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಆದರೂ ಇದೇ ಮಾತುಗಳು ಬೇರೆ ರೂಪದಲ್ಲಿ ಬಹಳ ಕಡೆಯ ಕಾನೂನಿನಲ್ಲಿ ಸಿಗುತ್ತವೆ. ದೊಡ್ಡ ಅಪವಾದ ಅಮೆರಿಕ. ಅಲ್ಲಿ ಖಾಸಗಿ ನೌಕರರಲ್ಲಿ ಹೆಚ್ಚಿನವರನ್ನು ಕಾರಣ ಹೇಳದೆಯೂ ತೆಗೆಯಬಹುದು. ತಾರತಮ್ಯದಂಥ ಕೆಲವು ಕಾರಣಗಳಿಗೆ ಮಾತ್ರ ಆಗದು. ಮೊಂಟಾನಾ ರಾಜ್ಯವೊಂದು 1987ರಲ್ಲಿ ಬೇರೆ ದಾರಿ ಹಿಡಿದು, ಸರಿಯಾದ ಕಾರಣ ಬೇಕು ಎಂದು ಕಾನೂನು ಮಾಡಿತು.

1. ಕಾಗದ ತೆಗೆದುಕೊಳ್ಳಿ, ದಿನಾಂಕ ಬರೆಯಿರಿ

ನೋಟಿಸ್ ತೆಗೆದುಕೊಳ್ಳದಿದ್ದರೆ ಬಚಾವಾಗಬಹುದು ಎಂಬ ನಂಬಿಕೆ ಇನ್ನೂ ಇದೆ. ಅದರಿಂದ ಲಾಭ ಇಲ್ಲ. "ನಿರಾಕರಿಸಿದರು" ಎಂದು ಇಬ್ಬರು ಸಾಕ್ಷಿಗಳಿಂದ ಸಹಿ ಮಾಡಿಸಿ ಅಂಚೆಯಲ್ಲಿ ಕಳಿಸುತ್ತಾರೆ. ಆಮೇಲೆ ನಿಮಗೆ ತಲುಪಿದೆ ಎಂದೇ ಲೆಕ್ಕ. ತೆಗೆದುಕೊಳ್ಳಿ. ಸಹಿಯ ಪಕ್ಕ ದಿನಾಂಕ, ಸಮಯ ಹಾಕಿ. ಜೊತೆಗೆ "ಪ್ರತಿ ತಲುಪಿದೆ, ವಿಷಯಕ್ಕೆ ಒಪ್ಪಿಗೆ ಅಲ್ಲ" ಎಂದು ಬರೆಯಿರಿ.

ಬಂದದ್ದು ಯಾವ ಕಾಗದ ಎಂದು ನೋಡಿ. ಕಾರಣ ಕೇಳಿ ನೋಟಿಸ್ ಆದರೆ ಇನ್ನೂ ಏನೂ ತೀರ್ಮಾನ ಆಗಿಲ್ಲ, ವಿವರಣೆ ಕೇಳುತ್ತಿದ್ದಾರೆ. ಆರೋಪ ಪಟ್ಟಿ, ಅಂದರೆ ಚಾರ್ಜ್ ಶೀಟ್ ಆದರೆ ವಿಚಾರಣೆ ಶುರುವಾಗುತ್ತಿದೆ. ಅಮಾನತು ಆದೇಶ ಆದರೆ ಕೆಲಸ ಹೋಗಿಲ್ಲ, ತಡೆದಿದ್ದಾರೆ ಅಷ್ಟೆ. ವಜಾ ಆದೇಶವೇ ಆದರೆ ಅಂದಿನಿಂದಲೇ ಗಡುವಿನ ಎಣಿಕೆ ಶುರು. ಆಗ ನೇರವಾಗಿ 6ನೇ ಹಂತ ಓದಿ.

ಅದೇ ದಿನ ನೇಮಕಾತಿ ಪತ್ರ, ಸಂಬಳದ ಚೀಟಿ, ಸಂಸ್ಥೆಯ ಸೇವಾ ನಿಯಮ, ಹಿಂದಿನ ಮೆಚ್ಚುಗೆ ಪತ್ರ, ಎಚ್ಚರಿಕೆ ಪತ್ರ ಎಲ್ಲವನ್ನೂ ಒಂದೇ ಫೈಲಿನಲ್ಲಿ ಸೇರಿಸಿ. ಇಲ್ಲಿ ಒಂದು ಎಚ್ಚರಿಕೆ ಬೇಕೇ ಬೇಕು. ಗಾಬರಿಯಲ್ಲಿ ಸಂಸ್ಥೆಯ ಗ್ರಾಹಕರ ಪಟ್ಟಿ, ಲೆಕ್ಕದ ಫೈಲು ಇತ್ಯಾದಿಗಳನ್ನು ನಿಮ್ಮ ಸ್ವಂತ ಈಮೇಲ್‌ಗೆ ಕಳಿಸಿಕೊಳ್ಳಬೇಡಿ. ಹಳೆಯ ಆರೋಪ ನಿಲ್ಲದಿದ್ದರೂ ಈ ಹೊಸ ಆರೋಪ ನಿಂತುಬಿಡುತ್ತದೆ. ಬೇಕಾದ ದಾಖಲೆಯನ್ನು ಹೆಸರು, ದಿನಾಂಕ ಹೇಳಿ ಬರವಣಿಗೆಯಲ್ಲಿ ಕೇಳಿ. ಕೊಡದಿದ್ದರೆ, ಕೊಡಲಿಲ್ಲ ಎಂಬುದೇ ನಿಮ್ಮ ಕಡೆಯ ಒಂದು ವಾದ ಆಗುತ್ತದೆ.

2. ಆರೋಪ ಸ್ಪಷ್ಟವಾಗಿದೆಯಾ?

"ನಿಮ್ಮ ನಡತೆ ತೃಪ್ತಿಕರವಾಗಿಲ್ಲ" ಎಂಬುದು ಆರೋಪ ಅಲ್ಲ, ಅಭಿಪ್ರಾಯ. ಆರೋಪ ಎಂದರೆ ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ, ಏನು ಮಾಡಿದಿರಿ, ಅದು ಯಾವ ನಿಯಮಕ್ಕೆ ವಿರುದ್ಧ ಎಂಬುದೆಲ್ಲ ಇರಬೇಕು. ಭಾರತದ ಸುಪ್ರೀಂ ಕೋರ್ಟ್ 1963ರಲ್ಲಿ ಒಂದು ಚಹಾ ತೋಟದ ಕಾರ್ಮಿಕರ ಪ್ರಕರಣದಲ್ಲಿ ಇನ್ನೂ ಮುಂದೆ ಹೋಗಿ ಹೇಳಿತು. ಉತ್ತರ ಕೊಡಬೇಕಾದವನಿಗೆ ಆರೋಪ ತಿಳಿದರೆ ಸಾಲದು, ಆ ಆರೋಪಕ್ಕೆ ಆಧಾರವಾದ ಸಾಕ್ಷ್ಯವೂ ತಿಳಿದಿರಬೇಕು. ಯಾರು ದೂರು ಕೊಟ್ಟರು, ಏನು ಹೇಳಿದರು ಎಂದು ಗೊತ್ತಿಲ್ಲದೆ ಯಾರು ತಾನೇ ಸರಿಯಾಗಿ ಉತ್ತರ ಕೊಡಲು ಸಾಧ್ಯ, ಅಲ್ವಾ?

ವಿವರ ಇಲ್ಲದಿದ್ದರೆ ಉತ್ತರಕ್ಕೆ ಮೊದಲು ಇಂಥ ಒಂದು ಪತ್ರ ಕೊಡಿ:

"ದಿನಾಂಕ ___ ರ ನಿಮ್ಮ ನೋಟಿಸ್ ತಲುಪಿದೆ. ಅದರಲ್ಲಿ ಘಟನೆಯ ದಿನ, ಸ್ಥಳ ಮತ್ತು ನಾನು ಮುರಿದೆ ಎನ್ನಲಾದ ನಿಯಮದ ವಿವರ ಇಲ್ಲ. ದಯವಿಟ್ಟು ಅವನ್ನು ತಿಳಿಸಿ. ದೂರಿನ ಪ್ರತಿ ಮತ್ತು ನೀವು ಆಧಾರವಾಗಿ ಇಟ್ಟುಕೊಂಡ ದಾಖಲೆಗಳ ಪ್ರತಿ ಕೊಡಿ. ಅವು ಸಿಕ್ಕ ಮೇಲೆ ಉತ್ತರ ಕೊಡಲು ___ ದಿನ ಕಾಲಾವಕಾಶ ಕೊಡಿ. ಸದ್ಯಕ್ಕೆ ಎಲ್ಲ ಆರೋಪಗಳನ್ನೂ ನಾನು ನಿರಾಕರಿಸುತ್ತೇನೆ."

ಕೊನೆಯ ಸಾಲನ್ನು ಬಿಡಬೇಡಿ. ಮುಂದೆ "ಆಗಲೇ ನಿರಾಕರಿಸಬಹುದಿತ್ತಲ್ಲ" ಎಂಬ ಮಾತು ಬರದಂತೆ ಅದು ತಡೆಯುತ್ತದೆ. ಆದರೆ ನಡೆದ ಸಂಗತಿಯನ್ನು ಒಪ್ಪಲೇಬೇಕಾದ ಪರಿಸ್ಥಿತಿ ಇದ್ದರೆ ಹಾಗೆ ಬರೆಯಬೇಡಿ. ವಿವರ ಕೇಳಿದರೆ ಸಾಕು.

3. ಉತ್ತರ ಬರೆಯುವುದು

ಇಡೀ ಪ್ರಕ್ರಿಯೆಯಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಈ ಒಂದೆರಡು ಪುಟ. ವರ್ಷಗಳ ನಂತರ ಯಾವುದೋ ನ್ಯಾಯಾಧೀಶರು ನಿಮ್ಮನ್ನು ಮೊದಲು ನೋಡುವುದು ಈ ಉತ್ತರದ ಮೂಲಕವೇ. ಅವರಿಗಾಗಿ ಬರೆಯಿರಿ, ಮ್ಯಾನೇಜರ್ ಮೇಲಿನ ಸಿಟ್ಟಿಗೆ ಬರೆಯಬೇಡಿ.

ಆರೋಪಕ್ಕೆ ಎಷ್ಟು ಅಂಶ ಇದೆಯೋ ಉತ್ತರಕ್ಕೂ ಅಷ್ಟೇ ಅಂಶ ಇರಲಿ, ಅದೇ ಕ್ರಮದಲ್ಲಿ. ಸ್ಟೋರಿನಲ್ಲಿ ಸರಕು ಕಡಿಮೆ ಬಂತು ಎಂಬ ಆರೋಪ ಇದೆ ಎಂದುಕೊಳ್ಳಿ. "ನಾನು ಪ್ರಾಮಾಣಿಕ, ನನ್ನ ಮೇಲೆ ದ್ವೇಷ ಇದೆ" ಎಂದರೆ ಏನೂ ಹೇಳಿದಂತೆ ಆಗುವುದಿಲ್ಲ. ಹೀಗೆ ಬರೆಯಿರಿ: ಸ್ಟೋರಿನ ಬೀಗದ ಕೈ ಯಾರ್ಯಾರ ಹತ್ತಿರ ಇತ್ತು? ಹಿಂದಿನ ಎಣಿಕೆ ಯಾವಾಗ ಆಗಿತ್ತು, ಅದಕ್ಕೆ ಸಹಿ ಹಾಕಿದವರು ಯಾರು? ಆ ಪಾಳಿಯಲ್ಲಿ ನೀವು ಇದ್ದಿರಾ? ಕೊರತೆ ಇದೆ ಎಂದು ನೀವೇ ಮೊದಲು ತಿಳಿಸಿದ್ದಿರಾ? ಹೀಗೆ ಬರೆದಾಗ ಸಂಸ್ಥೆ ಈ ಎಲ್ಲವನ್ನೂ ಹುಡುಕಿ ನೋಡಲೇಬೇಕಾಗುತ್ತದೆ. ನೋಡದೆ ತೀರ್ಮಾನ ಕೊಟ್ಟರೆ ಆ ತೀರ್ಮಾನವೇ ಸಡಿಲ ಆಗುತ್ತದೆ.

ತಪ್ಪು ನಿಜವಾಗಿ ಆಗಿದ್ದರೆ ಸುಳ್ಳು ಹೇಳಬೇಡಿ. ಸಣ್ಣ ತಪ್ಪನ್ನು ಮುಚ್ಚಲು ಹೇಳಿದ ಸುಳ್ಳು ಗೊತ್ತಾದರೆ ವಿಷಯ ನಂಬಿಕೆದ್ರೋಹದ ಮಟ್ಟಕ್ಕೆ ಏರುತ್ತದೆ. ಏನಾಯಿತು, ಯಾಕಾಯಿತು, ಮುಂದೆ ಆಗದಂತೆ ಏನು ಮಾಡಿದ್ದೀರಿ ಎಂದು ನೇರವಾಗಿ ಬರೆಯಿರಿ. ಎಷ್ಟು ವರ್ಷದ ಸೇವೆ, ಹಿಂದೆ ಯಾವ ಶಿಕ್ಷೆಯೂ ಇಲ್ಲ ಎಂಬುದನ್ನೂ ಸೇರಿಸಿ. ಶಿಕ್ಷೆಯ ಪ್ರಮಾಣ ನೋಡುವಾಗ ಅದು ಲೆಕ್ಕಕ್ಕೆ ಬರುತ್ತದೆ.

ಅದೇ ಘಟನೆಗೆ ಪೊಲೀಸ್ ಕೇಸೂ ಇದ್ದರೆ ವಕೀಲರಿಗೆ ತೋರಿಸದೆ ಒಂದು ಸಾಲೂ ಕೊಡಬೇಡಿ.

ಉತ್ತರವನ್ನು ಕೈಯಲ್ಲಿ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಸಹಿ ಹಾಕಿಸಿ. ಹಾಕದಿದ್ದರೆ ಈಮೇಲ್ ಮತ್ತು ಅಂಚೆ, ಎರಡರಲ್ಲೂ ಕಳಿಸಿ ರಸೀದಿ ಇಟ್ಟುಕೊಳ್ಳಿ.

4. ಅಮಾನತಿನಲ್ಲಿದ್ದಾಗ

ಅಮಾನತು ಶಿಕ್ಷೆ ಅಲ್ಲ, ತನಿಖೆ ಮುಗಿಯುವ ತನಕದ ಏರ್ಪಾಡು. ಆದ್ದರಿಂದ ಹೊಟ್ಟೆಗೆ ಹೊಡೆಯುವಂತಿಲ್ಲ. ಬ್ರಿಟನ್‌ನಲ್ಲಿ ಸಾಮಾನ್ಯವಾಗಿ ಪೂರ್ತಿ ಸಂಬಳ ಕೊಟ್ಟೇ ಅಮಾನತು ಮಾಡುತ್ತಾರೆ. ಭಾರತದಲ್ಲಿ ಕಾರ್ಮಿಕರಿಗೆ ಮೊದಲ 90 ದಿನ ಸಂಬಳದ ಶೇ. 50, ಆಮೇಲೆ ಶೇ. 75 ಜೀವನಾಧಾರ ಭತ್ಯೆ ಎಂಬ ನಿಯಮ ಇದೆ. ವಿಳಂಬಕ್ಕೆ ನೌಕರನೇ ಕಾರಣ ಆಗಿದ್ದರೆ ಮಾತ್ರ ಆ ಏರಿಕೆ ಸಿಗುವುದಿಲ್ಲ.

ಈ ಭತ್ಯೆ ಎಷ್ಟು ದೊಡ್ಡ ವಿಷಯ ಎಂದು ತೋರಿಸುವ ತೀರ್ಪು 1999ರಲ್ಲಿ ಬಂತು. ಕೋಲಾರ ಚಿನ್ನದ ಗಣಿಯ ಒಬ್ಬ ಭದ್ರತಾ ಅಧಿಕಾರಿಯನ್ನು 1985ರಲ್ಲಿ ಅಮಾನತು ಮಾಡಿದ್ದರು. ಭತ್ಯೆ ಕೊಡಲಿಲ್ಲ. ಪ್ರಯಾಣಕ್ಕೆ ದುಡ್ಡಿಲ್ಲದೆ ಅವರು ವಿಚಾರಣೆಗೆ ಬರಲಾಗಲಿಲ್ಲ. ಅವರಿಲ್ಲದೆಯೇ ವಿಚಾರಣೆ ಮುಗಿಸಿ ವಜಾ ಮಾಡಿದರು. ಅದೇ ಸಂಗತಿಯ ಕ್ರಿಮಿನಲ್ ಪ್ರಕರಣದಲ್ಲಿ ಅವರು ನಿರ್ದೋಷಿ ಎಂದಾಯಿತು. ಸುಪ್ರೀಂ ಕೋರ್ಟ್ ಆ ವಜಾ ಆದೇಶವನ್ನು ನಿಲ್ಲಲು ಬಿಡಲಿಲ್ಲ, ಮರಳಿ ಕೆಲಸಕ್ಕೆ ತೆಗೆದುಕೊಳ್ಳಿ ಎಂದಿತು. ಭತ್ಯೆ ಬರದಿದ್ದರೆ ಸುಮ್ನೆ ಕಾಯಬೇಡಿ. ಪ್ರತಿ ತಿಂಗಳೂ ಬರೆದು ಕೇಳಿ. ಬರಲು ದುಡ್ಡಿಲ್ಲದಿದ್ದರೆ ಹಾಗಂತಲೇ ಬರೆಯಿರಿ.

5. ವಿಚಾರಣೆ

ಮೊದಲು, ಹೋಗಿ. "ಎಲ್ಲ ಮೊದಲೇ ತೀರ್ಮಾನ ಆಗಿದೆ, ಹೋಗಿ ಏನು ಮಾಡುವುದು" ಎಂದು ಮನೆಯಲ್ಲಿ ಕುಳಿತರೆ ಏಕಪಕ್ಷೀಯ ವಿಚಾರಣೆ ನಡೆಯುತ್ತದೆ. ಅವಕಾಶ ಕೊಟ್ಟೆವು, ಬರಲಿಲ್ಲ ಎಂದು ಸಂಸ್ಥೆ ಹೇಳಿದರೆ ನ್ಯಾಯಾಲಯ ಅದನ್ನು ಕೇಳುತ್ತದೆ. ಹುಷಾರಿಲ್ಲದಿದ್ದರೆ ವೈದ್ಯರ ಚೀಟಿ ಜೊತೆಗೆ ಬೇರೆ ದಿನ ಕೇಳಿ.

ವಿಚಾರಣೆ ನಡೆಸುವವರು ಯಾರು ಎಂದು ನೋಡಿ. ದೂರು ಕೊಟ್ಟವರು, ಘಟನೆಗೆ ಸಾಕ್ಷಿಯಾದವರು, ಆ ವಿಷಯದಲ್ಲಿ ಮೊದಲೇ ಅಭಿಪ್ರಾಯ ಹೇಳಿದವರು ತೀರ್ಪು ಕೊಡುವ ಜಾಗದಲ್ಲಿ ಕೂರಬಾರದು. ಹಾಗೆ ಕುಳಿತಿದ್ದರೆ ಮೊದಲ ದಿನವೇ ಆಕ್ಷೇಪಣೆ ಬರೆದುಕೊಡಿ. ಕೊನೆಯ ತನಕ ಬಾಯಿ ಮುಚ್ಚಿಕೊಂಡಿದ್ದು, ತೀರ್ಪು ವಿರುದ್ಧ ಬಂದ ಮೇಲೆ ಪಕ್ಷಪಾತ ಎಂದರೆ ನಂಬುವವರು ಕಡಿಮೆ.

ತಯಾರಿಗೆ ಸಮಯ ಕೇಳಿ. ಫ್ರಾನ್ಸ್‌ನಲ್ಲಿ ವಜಾ ಮಾಡುವ ಮೊದಲು ನೌಕರನನ್ನು ಕರೆದು ಮಾತಾಡುವ ಭೇಟಿಯನ್ನು, ಕರೆಯೋಲೆ ತಲುಪಿದ ಮೇಲೆ ಕನಿಷ್ಠ 5 ಕೆಲಸದ ದಿನ ಕಳೆಯದೆ ನಡೆಸುವಂತಿಲ್ಲ. ಭೇಟಿಯ ನಂತರವೂ 2 ಕೆಲಸದ ದಿನ ಬಿಟ್ಟೇ ವಜಾ ಪತ್ರ ಕಳಿಸಬೇಕು. ನನಗೆ ಈ ಎರಡನೇ ನಿಯಮ ಬಹಳ ಇಷ್ಟ. ನೌಕರ ಹೇಳಿದ್ದನ್ನು ಯೋಚಿಸಲು ಮಾಲೀಕರಿಗೂ ಅದು ಸಮಯ ಕೊಡುತ್ತದೆ. ನಿಮ್ಮ ದೇಶದಲ್ಲಿ ಇಷ್ಟು ಖಚಿತ ನಿಯಮ ಇಲ್ಲದಿದ್ದರೂ ಇವತ್ತು ಪತ್ರ ಕೊಟ್ಟು ನಾಳೆ ವಿಚಾರಣೆ ಎಂದರೆ ಅದನ್ನು ಪ್ರಶ್ನಿಸಬಹುದು.

ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ಬ್ರಿಟನ್‌ನ 1999ರ ಕಾನೂನು ಸಹೋದ್ಯೋಗಿ ಅಥವಾ ಯೂನಿಯನ್ ಪ್ರತಿನಿಧಿಯನ್ನು ಕರೆದೊಯ್ಯುವ ಹಕ್ಕು ಕೊಟ್ಟಿದೆ. ಅವರಿಗೆ ಆ ದಿನ ಆಗದಿದ್ದರೆ 5 ಕೆಲಸದ ದಿನದೊಳಗಿನ ಇನ್ನೊಂದು ದಿನ ಕೇಳಬಹುದು. ವಕೀಲರಿಗೆ ಸಾಮಾನ್ಯವಾಗಿ ಒಳಗೆ ಜಾಗ ಇರುವುದಿಲ್ಲ. ಆದರೆ ಸಂಸ್ಥೆಯ ಪರವಾಗಿ ಕಾನೂನು ಓದಿದವರು ನಿಂತರೆ ನಿಮಗೂ ಅಂಥವರು ಬೇಕು ಎಂದು ಕೇಳಿ. ಭಾರತದ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ.

ಇನ್ನು ಸಾಕ್ಷಿಗಳು. ನಿಮ್ಮ ಎದುರಿಗೇ ಅವರ ಹೇಳಿಕೆ ಆಗಬೇಕು, ನಿಮಗೆ ಪಾಟೀ ಸವಾಲಿಗೆ ಅವಕಾಶ ಇರಬೇಕು. ಈ ವಿಷಯದಲ್ಲಿ ಬೇರೆ ಬೇರೆ ದೇಶದ ಕಟ್ಟುನಿಟ್ಟು ಬೇರೆ ಬೇರೆ. ಆದರೆ ಅವಕಾಶ ಕೇಳಿದ್ದು, ಕೊಡದಿದ್ದದ್ದು ಎರಡೂ ದಾಖಲೆಯಲ್ಲಿ ಬರಲಿ. ಪ್ರಶ್ನೆಗಳನ್ನು ಮನೆಯಲ್ಲೇ ಬರೆದುಕೊಂಡು ಹೋಗಿ. ಜಗಳ ಬೇಡ, ಸಣ್ಣ ಪ್ರಶ್ನೆ ಸಾಕು. ನೀವು ಕಣ್ಣಾರೆ ಕಂಡಿರಾ, ಯಾರಾದರೂ ಹೇಳಿದ್ದಾ? ಎಷ್ಟು ದೂರದಲ್ಲಿದ್ದಿರಿ? ದೂರು ಯಾವ ದಿನ ಬರೆದಿರಿ? ಅಷ್ಟು ದಿನ ಯಾಕೆ ತಡ? ನನ್ನ ಪರವಾಗಿ ಮಾತಾಡಬಲ್ಲವರನ್ನು ಯಾರಾದರೂ ವಿಚಾರಿಸಿದರಾ?

ಒಂದು ವಿಷಯ ಮನಸ್ಸಿನಲ್ಲಿರಲಿ. ಇಲ್ಲಿ ಕ್ರಿಮಿನಲ್ ಕೋರ್ಟಿನಷ್ಟು ಪುರಾವೆ ಬೇಕಿಲ್ಲ. ಸಂದೇಹಕ್ಕೆ ಎಡೆ ಇಲ್ಲದಂತೆ ಸಾಬೀತಾಗಬೇಕು ಎಂದಿಲ್ಲ, ಹೀಗೆ ನಡೆದಿರುವ ಸಾಧ್ಯತೆಯೇ ಜಾಸ್ತಿ ಎಂದು ಕಂಡರೆ ಸಾಕು. ಬ್ರಿಟನ್‌ನಲ್ಲಿ 1978ರ ಒಂದು ತೀರ್ಪಿನಿಂದ ಬಂದ ಮೂರು ಪ್ರಶ್ನೆಗಳನ್ನು ಇಂದಿಗೂ ಬಳಸುತ್ತಾರೆ. ತಪ್ಪು ಮಾಡಿದ್ದಾರೆ ಎಂದು ಮಾಲೀಕರು ನಿಜವಾಗಿ ನಂಬಿದ್ದರಾ? ನಂಬಲು ತಕ್ಕ ಆಧಾರ ಇತ್ತಾ? ಆ ಆಧಾರಕ್ಕೆ ಬರುವ ಮುಂಚೆ ತಕ್ಕಮಟ್ಟಿನ ತನಿಖೆ ಮಾಡಿದ್ದರಾ? ನಿಮ್ಮ ವಾದವನ್ನು ಮೂರನೆಯದರ ಮೇಲೆ ಗಟ್ಟಿಯಾಗಿ ಕಟ್ಟಿ. ಏನನ್ನು ನೋಡಬೇಕಿತ್ತು, ಏನನ್ನು ನೋಡಲೇ ಇಲ್ಲ ಎಂದು ತೋರಿಸಿ.

ದಿನದ ಕೊನೆಗೆ ನಡಾವಳಿಯ ಪ್ರತಿ ಓದಿಯೇ ಸಹಿ ಹಾಕಿ. ನೀವು ಹೇಳದ ಮಾತು ಅದರಲ್ಲಿದ್ದರೆ ಸಹಿಯ ಮೇಲೆ ತಿದ್ದುಪಡಿ ಬರೆಯಿರಿ. ಖಾಲಿ ಹಾಳೆಗೆ ಸಹಿ ಯಾವತ್ತೂ ಬೇಡ.

ವಿಚಾರಣೆ ಮುಗಿದ ಮೇಲೆ ವರದಿಯ ಪ್ರತಿ ಕೇಳಿ. ತೀರ್ಪು ಕೊಡುವ ಅಧಿಕಾರಿ ಬೇರೆ, ವಿಚಾರಣೆ ಮಾಡಿದವರು ಬೇರೆ ಆಗಿದ್ದರೆ ಶಿಕ್ಷೆಗೆ ಮೊದಲೇ ಆ ವರದಿ ನೌಕರನ ಕೈ ಸೇರಬೇಕು ಎಂದು ಭಾರತದ ಸುಪ್ರೀಂ ಕೋರ್ಟ್ 1993ರಲ್ಲಿ ಸ್ಪಷ್ಟ ಮಾಡಿದೆ. ಖಾಸಗಿ ಸಂಸ್ಥೆಗಳಿಗೂ ಅದು ಅನ್ವಯ.

ಶಿಕ್ಷೆ ತಪ್ಪಿಗೆ ತಕ್ಕಂತೆ ಇದೆಯಾ ಎಂಬುದೂ ನ್ಯಾಯದ ಭಾಗವೇ. ದಕ್ಷಿಣ ಆಫ್ರಿಕಾದ 1995ರ ಕಾನೂನಿನ ಜೊತೆ ಬಂದ ಸಂಹಿತೆ ಇದಕ್ಕೆ ಒಳ್ಳೆಯ ಪ್ರಶ್ನೆಗಳನ್ನು ಕೊಟ್ಟಿದೆ: ಅಂಥ ನಿಯಮ ಇತ್ತಾ, ನಿಯಮ ಸಮಂಜಸವಾ, ನೌಕರನಿಗೆ ಗೊತ್ತಿತ್ತಾ, ಎಲ್ಲರ ಮೇಲೂ ಒಂದೇ ರೀತಿ ಹೇರಿದ್ದಾರಾ, ಈ ತಪ್ಪಿಗೆ ವಜಾ ಸರಿಯಾದ ಶಿಕ್ಷೆಯಾ? ಇದೇ ತಪ್ಪಿಗೆ ಇನ್ನೊಬ್ಬರಿಗೆ ಬರೀ ಎಚ್ಚರಿಕೆ ಕೊಟ್ಟಿದ್ದರೆ ಅದನ್ನು ತಪ್ಪದೆ ಹೇಳಿ. ಭಾರತದ ಕಾನೂನಿನಲ್ಲೂ ಕಾರ್ಮಿಕ ನ್ಯಾಯಾಲಯಕ್ಕೆ ಶಿಕ್ಷೆ ಕಡಿಮೆ ಮಾಡುವ ಅಧಿಕಾರವನ್ನು 1971ರಲ್ಲಿ ಸೇರಿಸಲಾಯಿತು.

6. ಆದೇಶ ಬಂದ ಮೇಲೆ: ಗಡುವು

ಇಲ್ಲಿ ಒಳ್ಳೆಯ ಪ್ರಕರಣಗಳೂ ಸೋಲುತ್ತವೆ, ಬರೀ ದಿನ ದಾಟಿದ ಕಾರಣಕ್ಕೆ. ಜರ್ಮನಿಯಲ್ಲಿ ವಜಾ ಪತ್ರ ತಲುಪಿದ 3 ವಾರದೊಳಗೆ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬೇಕು. ಆಸ್ಟ್ರೇಲಿಯಾದಲ್ಲಿ 21 ದಿನ. ದಕ್ಷಿಣ ಆಫ್ರಿಕಾದಲ್ಲಿ 30 ದಿನ. ಐರ್ಲೆಂಡ್‌ನಲ್ಲಿ 6 ತಿಂಗಳು. ಭಾರತದಲ್ಲಿ ಕಾರ್ಮಿಕ ವಿವಾದಕ್ಕೆ ಇದಕ್ಕಿಂತ ಜಾಸ್ತಿ ಸಮಯ ಇದೆ, ಆದರೆ ತಡ ಮಾಡಿದಷ್ಟೂ ಸಾಕ್ಷಿಗಳು ಚದುರುತ್ತಾರೆ. ಹೊರದೇಶದಲ್ಲಿ ಕೆಲಸ ಮಾಡುವವರು ಆದೇಶ ಬಂದ ವಾರದಲ್ಲೇ ಅಲ್ಲಿನ ಗಡುವು ತಿಳಿದುಕೊಳ್ಳಿ.

ಸಂಸ್ಥೆಯೊಳಗೆ ಮೇಲ್ಮನವಿ ಇದ್ದರೆ ಹಾಕಿ. ಅದು ನಡೆಯುತ್ತಿದೆ ಎಂದು ಹೊರಗಿನ ಗಡುವು ತಾನಾಗಿ ನಿಲ್ಲುತ್ತದೆ ಎಂದುಕೊಳ್ಳಬೇಡಿ. ಬಹಳ ಕಡೆ ನಿಲ್ಲುವುದಿಲ್ಲ.

ನಿಮಗೆ ಈ ರಕ್ಷಣೆ ಅನ್ವಯ ಆಗುತ್ತದಾ ಎಂದೂ ಆಗಲೇ ಕೇಳಿಕೊಳ್ಳಿ. ಪ್ರೊಬೇಷನ್‌ನಲ್ಲಿರುವವರು, ಗುತ್ತಿಗೆಯವರು, ಮೇಲ್ವಿಚಾರಣೆಯ ಹುದ್ದೆಯವರು ಎಲ್ಲ ಕಡೆಯೂ ಒಂದೇ ಕಾನೂನಿನ ಕೆಳಗೆ ಬರುವುದಿಲ್ಲ. ಭಾರತದಲ್ಲಿ ಮ್ಯಾನೇಜರ್ ಹುದ್ದೆಯವರು ಹೆಚ್ಚಾಗಿ ಕಾರ್ಮಿಕ ನ್ಯಾಯಾಲಯದ ಬದಲು ಒಪ್ಪಂದದ ಆಧಾರದಲ್ಲಿ ಸಿವಿಲ್ ಕೋರ್ಟಿಗೆ ಹೋಗಬೇಕಾಗುತ್ತದೆ. ಅಲ್ಲಿ ಹುದ್ದೆಯ ಹೆಸರಿಗಿಂತ ನಿಜವಾಗಿ ಮಾಡುತ್ತಿದ್ದ ಕೆಲಸ ಮುಖ್ಯ.

ರಾಜೀನಾಮೆ ಬರೆ ಎಂದರೆ

"ನೀವೇ ಬಿಟ್ಟರೆ ಒಳ್ಳೆಯ ಅನುಭವ ಪತ್ರ ಕೊಡುತ್ತೇವೆ" ಎಂಬ ಮಾತಿಗೆ ಅಲ್ಲೇ ಉತ್ತರ ಕೊಡಬೇಡಿ. ಒಂದು ದಿನ ಸಮಯ ಕೇಳಿ. ಒತ್ತಾಯದಿಂದ ಬರೆಸಿಕೊಂಡ ರಾಜೀನಾಮೆಯನ್ನು ವಜಾ ಎಂದೇ ನೋಡುವ ಕಾನೂನು ಹಲವು ದೇಶಗಳಲ್ಲಿದೆ. ಸಂಬಳ ತಡೆದು, ಹುದ್ದೆ ಇಳಿಸಿ, ಇರಲಾಗದಂತೆ ಮಾಡಿ ಬಿಡಿಸಿದರೂ ಹಾಗೆಯೇ. ಆದರೆ ಒತ್ತಾಯ ಇತ್ತು ಎಂದು ತೋರಿಸುವ ಹೊರೆ ನಿಮ್ಮದಾಗುತ್ತದೆ. ಸಹಿ ಹಾಕಿಬಿಟ್ಟಿದ್ದರೆ ಅದೇ ದಿನ, ಅದು ಅಂಗೀಕಾರ ಆಗುವ ಮೊದಲೇ, ಯಾರು ಎಲ್ಲಿ ಕೂರಿಸಿ ಏನು ಹೇಳಿದರು ಎಂದು ಬರೆದು, ಹಿಂದಕ್ಕೆ ಪಡೆಯುತ್ತಿದ್ದೇನೆ ಎಂದು ಈಮೇಲ್ ಕಳಿಸಿ.

ಸಣ್ಣ ಸಂಸ್ಥೆ ನಡೆಸುವವರಿಗೆ

ನೀವು ಕುರ್ಚಿಯ ಆ ಕಡೆ ಇದ್ದರೂ ಮೇಲಿನದೆಲ್ಲ ನಿಮಗೂ ದಾರಿ ತೋರಿಸುತ್ತದೆ. "ತಪ್ಪು ಕಣ್ಣಿಗೆ ಕಾಣುತ್ತಿದೆ, ಇನ್ನು ಕೇಳುವುದೇನು" ಎಂಬ ಮಾತು ಮಾತ್ರ ಬಿಡಿ. ಬ್ರಿಟನ್‌ನ ಬ್ರೈಟನ್ ನಗರದ ಪೊಲೀಸ್ ಮುಖ್ಯಸ್ಥರನ್ನು 1958ರಲ್ಲಿ ಅವರ ಮಾತು ಕೇಳದೆ ತೆಗೆದುಹಾಕಿದ್ದರು. ಅಲ್ಲಿನ ಅತಿ ಉನ್ನತ ನ್ಯಾಯಪೀಠ 1963ರಲ್ಲಿ ಆ ವಜಾ ಸಿಂಧುವೇ ಅಲ್ಲ ಎಂದಿತು. 1987ರಲ್ಲಿ ಅದೇ ಪೀಠ, ಯಾವ ಮಾತುಕತೆಯೂ ಇಲ್ಲದೆ ಕೆಲಸದಿಂದ ಬಿಡಿಸಿದ್ದ ವ್ಯಾನ್ ಚಾಲಕರೊಬ್ಬರ ಪ್ರಕರಣದಲ್ಲಿ, ಕೇಳಿದ್ದರೂ ಫಲಿತಾಂಶ ಇದೇ ಆಗುತ್ತಿತ್ತು ಎಂಬ ವಾದದಿಂದ ಅನ್ಯಾಯ ನ್ಯಾಯ ಆಗುವುದಿಲ್ಲ ಎಂದಿತು. ಆ ವಾದ ಪರಿಹಾರದ ಮೊತ್ತವನ್ನು ಇಳಿಸಬಹುದು, ಅಷ್ಟೆ.

ನೌಕರರೂ ಈ ಕೊನೆಯ ಮಾತನ್ನು ಗಮನಿಸಬೇಕು. ರೀತಿ ತಪ್ಪಿದೆ ಎಂದು ಗೆದ್ದರೂ ತಪ್ಪು ನಿಮ್ಮದೇ ಎಂದಾದರೆ ಸಿಗುವುದು ಕಡಿಮೆ. ಭಾರತದ ಕಾರ್ಮಿಕ ನ್ಯಾಯಾಲಯದಲ್ಲಂತೂ ಮೊದಲಿನ ವಿಚಾರಣೆ ದೋಷದ್ದಾದರೂ ಸಂಸ್ಥೆ ಅಲ್ಲೇ ಹೊಸದಾಗಿ ಸಾಕ್ಷ್ಯ ಕೊಟ್ಟು ಆರೋಪ ಸಾಬೀತು ಮಾಡಲು ಕೇಳಬಹುದು. ಆದ್ದರಿಂದ ರೀತಿಯ ದೋಷವೊಂದನ್ನೇ ನಂಬಿ ಕೂರಬೇಡಿ. ಆರೋಪಕ್ಕೂ ಉತ್ತರ ಸಿದ್ಧ ಇರಲಿ.

7. ಏನು ಕೇಳಬೇಕು

ಮರಳಿ ಕೆಲಸ, ತಡೆದ ಸಂಬಳ, ಇಲ್ಲವೇ ಪರಿಹಾರದ ಹಣ, ಇವುಗಳಲ್ಲಿ ನಿಮಗೆ ನಿಜವಾಗಿ ಬೇಕಾದದ್ದು ಯಾವುದು ಎಂದು ಮೊದಲೇ ತೀರ್ಮಾನಿಸಿ. ಸಂಬಂಧ ಪೂರ್ತಿ ಹಾಳಾಗಿದ್ದರೆ ಮರಳಿ ಹೋಗಿ ದಿನ ದೂಡುವುದು ಕಷ್ಟ. ಆಗ ಗೌರವಯುತ ಮೊತ್ತ ಮತ್ತು ಕಳಂಕ ಇಲ್ಲದ ಅನುಭವ ಪತ್ರ ಕೇಳುವುದು ಸೋಲು ಅಲ್ಲ.

ಪ್ರಕರಣ ನಡೆಯುವಾಗ ಬೇರೆ ಕೆಲಸ ಹುಡುಕಿ, ಹುಡುಕಿದ್ದಕ್ಕೆ ದಾಖಲೆ ಇಡಿ. ಅರ್ಜಿ ಹಾಕಿದ ಈಮೇಲ್, ಬಂದ ಉತ್ತರ, ಎಲ್ಲ. ಸುಮ್ಮನೆ ಕೂತಿದ್ದರೆ ಪರಿಹಾರ ಕಡಿತ ಆಗುವ ದೇಶಗಳು ಬಹಳ. ಕೆಲಸ ಸಿಕ್ಕಿದರೆ ಮುಚ್ಚಿಡಬೇಡಿ.

ರಾಜಿಗೆ ಬಂದರೆ "ಎಲ್ಲ ಬಾಕಿ ತೀರಿದೆ, ಇನ್ನು ಯಾವ ಹಕ್ಕೂ ಇಲ್ಲ" ಎಂಬ ಸಾಲಿನ ಕಾಗದ ಮುಂದೆ ಇಡುತ್ತಾರೆ. ಸಹಿಗೆ ಮುಂಚೆ ಗ್ರಾಚ್ಯುಟಿ, ಭವಿಷ್ಯನಿಧಿ, ಉಳಿದ ರಜೆಯ ಹಣ, ನೋಟಿಸ್ ಅವಧಿಯ ಸಂಬಳ ಎಲ್ಲ ಅದರಲ್ಲಿ ಬೇರೆ ಬೇರೆಯಾಗಿ ಬರೆದಿದೆಯಾ ನೋಡಿ. ಹಣ ಯಾವ ದಿನದೊಳಗೆ ಖಾತೆಗೆ ಬರುತ್ತದೆ, ಬರದಿದ್ದರೆ ರಾಜಿ ರದ್ದು ಎಂಬ ಸಾಲನ್ನೂ ಸೇರಿಸಲು ಕೇಳಿ.